‘ಸುಬ್ಬರಾವ್’ ಎಂಬ ಹೆಸರು: ಅದರ ಮೂಲ ಮತ್ತು ಅರ್ಥ

ವ್ಯಕ್ತಿನಾಮಗಳನ್ನು ಚರಿತ್ರೆಯ ಆಧಾರಗಳೆಂದು ಪರಿಗಣಿಸುವ ಪದ್ಧತಿ ನಮ್ಮಲ್ಲಿ ಇನ್ನೂ ಚೆನ್ನಾಗಿ ಬೇರೂರಿಲ್ಲ. ಶಾಸನಗಳನ್ನು ಓದುವಾಗ ನಾವು ರಾಜರ ಹೆಸರುಗಳನ್ನು ಕಾಲನಿರ್ಣಯಕ್ಕೂ ಊರಿನ ಹೆಸರುಗಳನ್ನು ಭೂಗೋಳ ನಿರ್ಣಯಕ್ಕೂ ಬಳಸಿಕೊಂಡು, ಸಾಕ್ಷಿಗಳ, ಸೇನಬೋವರ, ಗೌಡುಗಳ ಹೆಸರುಗಳನ್ನು ದಾಟಿ ಮುಂದೆ ಹೋಗಿಬಿಡುತ್ತೇವೆ. ಹೆಸರುಗಳಿಂದ ಏನಾದರೂ ನಿರ್ಣಯಕ್ಕೆ ಬಂದೆವಾದರೆ ಅದು ಬಹುಮಟ್ಟಿಗೆ ಜಾತಿಯ ನಿರ್ಣಯವಾಗಿರುತ್ತದೆ. ‘ರಾವ್’ ಎಂದಿದ್ದರೆ ಇಂಥವರು, ‘ಅಯ್ಯ’ ಎಂದಿದ್ದರೆ ಇಂಥವರು ಎಂದು ಊಹಿಸಿ ಅದನ್ನೇ ಆಧಾರವಾಗಿ ಹಿಡಿದು ಮುಂದಿನ ವಾದವನ್ನು ಕಟ್ಟುವುದುಂಟು. ಸ್ನಾತಕೋತ್ತರ ಪದವಿಯ ವಿದ್ಯಾರ್ಥಿಗಳಾಗಿದ್ದಾಗ ನಾವೂ ಈ ತಪ್ಪನ್ನು ಮಾಡಿ, ಹೆಸರಿನ ಕೊನೆಯಲ್ಲಿ ‘ರಾವ್’ ಇದ್ದ ಒಬ್ಬ ಅಧಿಕಾರಿಯನ್ನು ಮರಾಠಾ ವಂಶಸ್ಥನೆಂದು ಪ್ರಬಂಧವೊಂದರಲ್ಲಿ ಬರೆದು, ಗುರುಗಳಿಂದ ತಿದ್ದಿಸಿಕೊಂಡೆವು.

ಈ ವಿಷಯವನ್ನು ಮತ್ತೆ ಕೈಗೆತ್ತಿಕೊಳ್ಳಲು ಕಾರಣನಾದವನು ನಮ್ಮ ವಿಭಾಗದ ಒಬ್ಬ ವಿದ್ಯಾರ್ಥಿ. ಅವನು ಮೂರು ಕಾಗದಗಳನ್ನು ಹಿಡಿದುಕೊಂಡು ಬಂದಿದ್ದನು. ಒಂದು ಅವನ ಮುತ್ತಜ್ಜನ ಜಮೀನಿನ ಕ್ರಯಪತ್ರ. ಅದರಲ್ಲಿ ಆತನ ಹೆಸರು ‘ಸುಬ್ಬಯ್ಯ’ ಎಂದಿದ್ದಿತು. ಎರಡನೆಯದು ಶಾಲೆಯ ದಾಖಲಾತಿ ಪುಸ್ತಕದ ಪ್ರತಿ, ಅಲ್ಲಿ ‘ಸುಬ್ಬರಾಯ’. ಮೂರನೆಯದು ನಿವೃತ್ತಿವೇತನದ ಕಾಗದ. ಅಲ್ಲಿ ಇಂಗ್ಲಿಷಿನಲ್ಲಿ ‘ಸುಬ್ಬ’ ಎಂದು ಬರೆದು, ಸ್ವಲ್ಪ ಜಾಗ ಬಿಟ್ಟು, ಆರ್, ಓ, ಡಬ್ಲ್ಯು ಎಂಬ ಮೂರು ಅಕ್ಷರಗಳಿಂದ ‘ರಾವ್’ ಎಂದು ಬರೆದಿದ್ದಿತು. ಜಮೀನು ಇನ್ನೂ ಮುತ್ತಜ್ಜನ ಹೆಸರಿನಲ್ಲಿಯೇ ಇದ್ದು, ಅಜ್ಜನು ಖಾತೆ ಬದಲಾವಣೆಗೆ ಅರ್ಜಿ ಹಾಕಿದಾಗ, ಈ ಮೂವರೂ ಒಬ್ಬನೇ ಎಂಬುದಕ್ಕೆ ಆಧಾರವೇನೆಂದು ಕಚೇರಿಯವರು ಕೇಳಿದರಂತೆ. “ಚರಿತ್ರೆಯ ವಿಭಾಗದವರು ಒಂದು ಪತ್ರ ಬರೆದುಕೊಟ್ಟರೆ ಆದೀತೇ, ಸಾರ್?” ಎಂಬುದು ಅವನ ಪ್ರಶ್ನೆ. ಈ ಲೇಖನವು ಆ ಪತ್ರಕ್ಕಾಗಿ ನಾವು ನಡೆಸಿದ ವಿಚಾರದ ವಿಸ್ತೃತ ರೂಪ.

ಮೊದಲು ‘ಸುಬ್ಬ’ ಎಂಬ ಭಾಗವನ್ನು ನೋಡೋಣ. ಇದು ‘ಸುಬ್ರಹ್ಮಣ್ಯ’ ಎಂಬುದರ ಮೊಟಕು ರೂಪ. ದೊಡ್ಡ ಹೆಸರನ್ನು ಮೊಟಕು ಮಾಡಿ ಕರೆಯುವುದು ಇಂದಿನ ಅಸಡ್ಡೆಯೆಂದು ಹಿರಿಯರು ಆಕ್ಷೇಪಿಸುವುದುಂಟಾದರೂ, ಅದಕ್ಕೆ ಪಾಣಿನಿಯ ಕಾಲದಲ್ಲಿಯೇ ವ್ಯಾಕರಣದ ಮನ್ನಣೆ ದೊರೆತಿದ್ದಿತು. ಅಷ್ಟಾಧ್ಯಾಯಿಯ ಐದನೆಯ ಅಧ್ಯಾಯದ ಮೂರನೆಯ ಪಾದದಲ್ಲಿ, 78ನೆಯ ಸೂತ್ರದಿಂದ ಮುಂದಕ್ಕೆ, ಹೆಚ್ಚು ಸ್ವರಗಳುಳ್ಳ ಮನುಷ್ಯನಾಮಗಳನ್ನು ಅಕ್ಕರೆಯಿಂದ ಹೇಗೆ ಕಿರಿದುಗೊಳಿಸಬಹುದೆಂಬ ವಿಧಿಗಳಿವೆ. ಹೆಸರಿನ ಎರಡನೆಯ ಸ್ವರದಿಂದಾಚೆಗಿನ ಭಾಗವನ್ನು ಬಿಟ್ಟು ಪ್ರತ್ಯಯವನ್ನು ಸೇರಿಸಬೇಕೆಂಬುದು ಅವುಗಳಲ್ಲಿ ಮುಖ್ಯವಾದುದು. ‘ದೇವದತ್ತ’ನು ‘ದೇವಿಕ’ನಾಗುವುದು ಹೀಗೆ. ಪ್ರತ್ಯಯವಿಲ್ಲದೆಯೇ ಬರಿಯ ‘ದೇವ’ ಅಥವಾ ಬರಿಯ ‘ದತ್ತ’ ಎನ್ನಬಹುದೆಂದು ವಾರ್ತಿಕಕಾರನು ಸೇರಿಸಿದನು.

ಕನ್ನಡದ ಮನೆಮಾತಿನಲ್ಲಿಯೂ ಇದೇ ಕತ್ತರಿ ಕೆಲಸ ಮಾಡುವುದನ್ನು ಕಂಡರೆ ಆಶ್ಚರ್ಯವಾಗುತ್ತದೆ. ವೆಂಕಟೇಶನು ವೆಂಕ, ರಂಗನಾಥನು ರಂಗ. ಎರಡರಲ್ಲಿಯೂ ಎರಡನೆಯ ಸ್ವರದ ಮೇಲೆ ಹೆಸರು ನಿಂತಿದೆ. ‘ಸುಬ್ರಹ್ಮಣ್ಯ’ವನ್ನು ಹಾಗೆಯೇ ತುಂಡರಿಸಿದರೆ ‘ಸುಬ್ರ’ ಎಂದು ಉಳಿಯುತ್ತದೆ. ವ್ಯಂಜನದೊಡನೆ ಕೂಡಿದ ರಕಾರವು ಲೋಪವಾಗಿ ಆ ವ್ಯಂಜನವು ಇಮ್ಮಡಿಸುವುದು ಪ್ರಾಕೃತದ ಸಾಮಾನ್ಯ ನಿಯಮ. ಚಕ್ರವು ಚಕ್ಕವಾಗುತ್ತದೆ, ಪುತ್ರನು ಪುತ್ತನಾಗುತ್ತಾನೆ. ಅದೇ ಪ್ರಕಾರ ‘ಸುಬ್ರ’ವು ‘ಸುಬ್ಬ’. ಇದರ ಮೇಲೆ ಅಪ್ಪ, ಅಣ್ಣ, ಅಯ್ಯ, ಅಮ್ಮ ಮೊದಲಾದವನ್ನು ಸೇರಿಸಿ ಸುಬ್ಬಪ್ಪ, ಸುಬ್ಬಣ್ಣ, ಸುಬ್ಬಯ್ಯ, ಸುಬ್ಬಮ್ಮ ಎಂಬ ಹೆಸರುಗಳನ್ನು ನಮ್ಮವರು ಮಾಡಿಕೊಂಡರು. ಕರಾವಳಿಯಲ್ಲಿ ಇಂದಿಗೂ ಬಳಕೆಯಲ್ಲಿರುವ ‘ಸುಬ್ರಾಯ’ ಎಂಬ ಹೆಸರಿನಲ್ಲಿ ರಕಾರವು ಅಳಿಯದೆ ನಿಂತಿರುವುದು ಈ ವ್ಯುತ್ಪತ್ತಿಗೆ ಒಳ್ಳೆಯ ಸಾಕ್ಷಿ. ‘ಶುಭ’ದಿಂದಲೋ ‘ಶುಭ್ರ’ದಿಂದಲೋ ಈ ಹೆಸರನ್ನು ಸಾಧಿಸಲು ಯತ್ನಿಸುವವರಿದ್ದಾರೆ. ‘ಶುಭ’ದಲ್ಲಿ ದ್ವಿತ್ವಕ್ಕೆ ಕಾರಣವಿಲ್ಲ, ‘ಶುಭ್ರ’ದಿಂದ ಧ್ವನಿಯ ದೃಷ್ಟಿಯಿಂದ ಸಾಧ್ಯವಾದರೂ, ಆ ಹೆಸರನ್ನಿಡುವ ಸಂದರ್ಭವು ಅದಕ್ಕೆ ಹೊಂದುವುದಿಲ್ಲ.

ಆ ಸಂದರ್ಭವೆಂದರೆ ನಾಗಾರಾಧನೆ. ಕುಕ್ಕೆಯಲ್ಲಾಗಲಿ, ದೊಡ್ಡಬಳ್ಳಾಪುರದ ಬಳಿಯ ಘಾಟಿಯಲ್ಲಾಗಲಿ ಸುಬ್ರಹ್ಮಣ್ಯನ ಪೂಜೆಯು ಸರ್ಪಪೂಜೆಯೊಡನೆ ಬೇರ್ಪಡಿಸಲಾಗದಂತೆ ಬೆರೆತಿದೆ. ಸಂತಾನಕ್ಕಾಗಿ ಹರಕೆ ಹೊತ್ತು, ಹುಟ್ಟಿದ ಮಗುವಿಗೆ ನಾಗಪ್ಪ, ನಾಗರಾಜ, ಸುಬ್ಬ ಎಂದು ಹೆಸರಿಡುವುದು ವಾಡಿಕೆ. ಹೆಣ್ಣಾದರೆ ನಾಗಮ್ಮ, ಸುಬ್ಬಮ್ಮ. ಸಂಸ್ಕೃತದಲ್ಲಿ ‘ಸುಬ್ರಹ್ಮಣ್ಯ’ ಎಂಬ ಪದಕ್ಕೆ ಇದಕ್ಕಿಂತ ಬಹಳ ಬೇರೆಯಾದ ಹಿನ್ನೆಲೆಯಿದೆ. ಸೋಮಯಾಗದಲ್ಲಿ ಇಂದ್ರನನ್ನು ಕರೆಯುವ ಆಹ್ವಾನಕ್ಕೆ ‘ಸುಬ್ರಹ್ಮಣ್ಯಾ’ ಎಂದೂ, ಅದನ್ನು ಹೇಳುವ ಋತ್ವಿಜನಿಗೆ ‘ಸುಬ್ರಹ್ಮಣ್ಯ’ ಎಂದೂ ಹೆಸರು. ಹದಿನಾರು ಮಂದಿ ಋತ್ವಿಜರಲ್ಲಿ ಅವನು ಉದ್ಗಾತೃವಿನ ಸಹಾಯಕರಲ್ಲೊಬ್ಬ. ಸ್ಕಂದನಿಗೆ ಈ ಹೆಸರು ಸಂದುದು ಅನಂತರದ ಬೆಳವಣಿಗೆ. ಬನವಾಸಿಯ ಕದಂಬರು ಸ್ಕಂದನ ಭಕ್ತರೇ ಆಗಿದ್ದರೂ ಅವರ ತಾಮ್ರಪಟಗಳಲ್ಲಿ ಕಾಣುವ ಹೆಸರು ‘ಸ್ವಾಮಿ ಮಹಾಸೇನ’. ವೇದದ ಋತ್ವಿಜನ ಹೆಸರು, ದೇವಸೇನಾನಿಯ ಹೆಸರಾಗಿ, ಹುತ್ತದ ನಾಗನನ್ನು ಸೇರಿ, ಕೊನೆಗೆ ತೊಟ್ಟಿಲಿನ ಕೂಸಿಗೆ ‘ಸುಬ್ಬ’ ಎಂದು ಇಳಿದು ಬಂದ ದಾರಿ ಸಣ್ಣದಲ್ಲ.

ರೂಪವೊಂದೇ ಆದುದರಿಂದ ಮೂಲವೂ ಒಂದೇ ಎಂದು ಹೇಳಲಾಗದೆಂಬುದಕ್ಕೆ ಇಲ್ಲಿಯೇ ಒಂದು ನಿದರ್ಶನವಿದೆ. ನೇಪಾಳ, ಸಿಕ್ಕಿಂ, ದಾರ್ಜಿಲಿಂಗ್ ಪ್ರದೇಶಗಳ ಲಿಂಬೂ ಜನರಲ್ಲಿ ‘ಸುಬ್ಬ’ ಎಂಬ ಮನೆತನದ ಹೆಸರು ವಿಪುಲವಾಗಿದೆ. ಅದು ಗೋರ್ಖಾ ಆಡಳಿತದಲ್ಲಿ ಮುಖ್ಯಸ್ಥರಿಗೆ ಸಲ್ಲುತ್ತಿದ್ದ ಪದವಿಯ ಹೆಸರು. ‘ಸುಬಾ’ ಎಂಬ ಪಾರಸಿ ಆಡಳಿತ ಪದದಿಂದ ಬಂದುದು, ನಮ್ಮ ‘ಸುಬೇದಾರ’ನ ದಾಯಾದಿ. ಸುಬ್ರಹ್ಮಣ್ಯನಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ಇನ್ನು ‘ರಾವ್’. ಇದರ ಚರಿತ್ರೆ ಹೆಚ್ಚು ತೊಡಕಿನದು. ನಮ್ಮ ವಿದ್ಯಾರ್ಥಿಯ ಸಮಸ್ಯೆಯ ಗಂಟು ಇರುವುದೂ ಇಲ್ಲಿಯೇ.

ಸಂಸ್ಕೃತದ ‘ರಾಜನ್’ ಎಂಬುದೇ ಮೂಲವೆಂಬುದರಲ್ಲಿ ವಿವಾದವಿಲ್ಲ. ಸ್ವರಗಳ ನಡುವಣ ಜಕಾರವು ಪ್ರಾಕೃತದಲ್ಲಿ ಲೋಪವಾಗುತ್ತದೆ. ಅದರ ಸ್ಥಾನದಲ್ಲಿ ಯಕಾರವು ಬಂದು ‘ರಾಯ’ ಎಂಬ ರೂಪವಾಯಿತು. ಅಪಭ್ರಂಶದಲ್ಲಿ ಪ್ರಥಮಾ ವಿಭಕ್ತಿಯ ಉಕಾರವು ಸೇರಿ ‘ರಾಉ’ ಎಂದಾಗಿ, ಅದರಿಂದ ರಾವ್, ರಾವು ಮೊದಲಾದ ರೂಪಗಳು ಹುಟ್ಟಿದವು. ಹೀಗೆ ಒಂದೇ ಬೇರಿನಿಂದ ಎರಡು ಕವಲುಗಳು ಒಡೆದವು. ಬಂಗಾಳದ ರಾಯ್, ಹಿಂದಿಯ ರಾಯ್ ಮೊದಲ ಕವಲಿಗೆ ಸೇರಿದವು. ರಾಜಸ್ಥಾನದ ಮತ್ತು ಮಹಾರಾಷ್ಟ್ರದ ರಾವ್ ಎರಡನೆಯದಕ್ಕೆ. ‘ರಾಜಪುತ್ರ’ ಎಂಬ ಸಮಾಸವು ಇದೇ ಪ್ರಕ್ರಿಯೆಯಲ್ಲಿ ಸವೆದು ನಮ್ಮಲ್ಲಿ ‘ರಾವುತ’ನಾಗಿ ಕುದುರೆಯನ್ನೇರಿದ್ದಾನೆ.

ಕನ್ನಡಕ್ಕೆ ಮೊದಲು ಬಂದುದು ‘ರಾಯ’. ಅದು ಎಷ್ಟು ಒಳಸೇರಿದೆಯೆಂಬುದನ್ನು ರಾಯಭಾರ, ರಾಯಸ, ರಾಯದುರ್ಗ ಎಂಬ ಪದಗಳೇ ಹೇಳುತ್ತವೆ. ಕಲಚುರಿ ಸೋವಿದೇವನು ‘ರಾಯಮುರಾರಿ’. ವಿಜಯನಗರದ ಅರಸರ ಬಿರುದುಗಳಲ್ಲಿ ಅರಿರಾಯವಿಭಾಡ, ಮೂರುರಾಯರಗಂಡ, ಹಿಂದೂರಾಯಸುರತ್ರಾಣ ಎಂದು ರಾಯರದೇ ಸಾಲು. ಕುಮಾರವ್ಯಾಸನ ಭಾರತದಲ್ಲಿ ಧರ್ಮರಾಯನೂ ಕೌರವರಾಯನೂ ನಮಗೆ ಚಿರಪರಿಚಿತರು.

ಆದರೆ ‘ರಾಯ’ ಎಂಬುದು ಅರಸನಿಗೆ ಮಾತ್ರ ಮೀಸಲಾಗಿ ಉಳಿಯಲಿಲ್ಲವೆಂಬುದನ್ನು ಗಮನಿಸಬೇಕು. ದೇವರು ಅರಸನಾದುದರಿಂದ ದೇವರಿಗೂ ಅದು ಸಂದಿತು: ಹನುಮಂತರಾಯ, ಆನೇಕಲ್ಲಿನ ತಿಮ್ಮರಾಯ, ಬೆಂಗಳೂರಿನ ಧರ್ಮರಾಯಸ್ವಾಮಿ. ಯತಿಗಳಿಗೂ ಸಂದಿತು: ವ್ಯಾಸತೀರ್ಥರು ವ್ಯಾಸರಾಯರು, ಶ್ರೀಪಾದರಾಜರನ್ನು ಶ್ರೀಪಾದರಾಯರೆಂದೂ ಕರೆಯುತ್ತಾರೆ, ‘ರಾಯರ ಮಠ’ ಎಂದರೆ ಮಂತ್ರಾಲಯದ ರಾಘವೇಂದ್ರಸ್ವಾಮಿಗಳದೆಂದು ಎಲ್ಲರಿಗೂ ಗೊತ್ತು. ಕೊನೆಗೆ ಮನೆಯ ಯಜಮಾನನಿಗೂ ಅಳಿಯನಿಗೂ ಅದು ಸಂದಿತು. ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ಯಲ್ಲಿ (1942) ಬರುವ ರಾಯರಿಗೆ ಹೆಂಡತಿ ಮತ್ತು ಮಾವನ ಮನೆಯ ಹೊರತು ಬೇರೆ ರಾಜ್ಯವಿಲ್ಲ.

‘ಸುಬ್ಬರಾಯ’ ಎಂಬ ಹೆಸರಿನಲ್ಲಿರುವುದು ಈ ದೇವರ ರಾಯನೆಂದು ನಮ್ಮ ಅಭಿಪ್ರಾಯ. ತೆಲುಗು ನಾಡಿನಲ್ಲಿ ಷಷ್ಠಿಯ ದಿನ ಹುತ್ತಕ್ಕೆ ಹಾಲೆರೆದು ಪೂಜಿಸುವ ದೇವರನ್ನೇ ಜನರು ‘ಸುಬ್ಬರಾಯುಡು’ ಎಂದು ಕರೆಯುತ್ತಾರೆ. ಅಂದಮೇಲೆ ಮಗುವಿಗೆ ಇಟ್ಟ ಹೆಸರು ‘ಸುಬ್ಬ’ ಎಂದೂ, ‘ರಾಯ’ ಎಂಬುದು ಮೇಲೆ ಅಂಟಿಸಿದ ಮನೆತನದ ಗುರುತೆಂದೂ ತಿಳಿಯುವುದು ಸರಿಯಲ್ಲ. ದೇವರ ಹೆಸರು ಇಡಿಯಾಗಿಯೇ ಮಗುವಿಗೆ ಬಂದಿದೆ.

ಎರಡನೆಯ ಕವಲಾದ ‘ರಾವ್’ ನಮ್ಮಲ್ಲಿ ಹರಡಿದುದು ಮರಾಠಿಯ ಮೂಲಕ. ಬಿಜಾಪುರದ ಸುಲ್ತಾನರಿಂದ ಬೆಂಗಳೂರು ಜಹಗೀರು 1638ರಲ್ಲಿ ಷಾಹಜಿಯ ಕೈಸೇರಿತು. ಉತ್ತರ ಕರ್ನಾಟಕದ ಬಹುಭಾಗವು 1818ರವರೆಗೆ ಪೇಶ್ವೆಗಳ ಮತ್ತು ಅವರ ಸರದಾರರ ಆಳ್ವಿಕೆಯಲ್ಲಿದ್ದಿತು. ಮೈಸೂರಿನ ಕಚೇರಿಗಳಲ್ಲಿಯೂ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಕನ್ನಡದ ಜೊತೆಗೆ ಮರಾಠಿಯಲ್ಲಿ ಲೆಕ್ಕಪತ್ರಗಳನ್ನಿಡುವ ರೂಢಿಯಿದ್ದಿತು. ದಫ್ತರ, ಶಿರಸ್ತೇದಾರ, ಫಡಣೀಸ ಮೊದಲಾದ ಪದಗಳು ಬಂದ ದಾರಿಯಲ್ಲಿಯೇ ‘ರಾವ್’ ಕೂಡ ಬಂದಿತು. ಮರಾಠಿಯಲ್ಲಿ ಅದು ಹೆಸರಿಗೆ ಗೌರವಾರ್ಥವಾಗಿ ಸೇರಿಸುವ ಪದವೇ ಹೊರತು ಮನೆತನದ ಹೆಸರಲ್ಲ. ಪೇಶ್ವೆ ಮಾಧವರಾಯನ ಮನೆತನದ ಹೆಸರು ಭಟ; ‘ರಾವ್’ ಅವನ ಸ್ವಂತ ಹೆಸರಿನ ಬಾಲ. ಕಚೇರಿಯಲ್ಲಿ ಗುಮಾಸ್ತೆಯಾಗಿ ಸೇರಿದ ಸುಬ್ಬಯ್ಯನು ಶಿರಸ್ತೇದಾರನಾಗುವ ಹೊತ್ತಿಗೆ ಸುಬ್ಬರಾವ್ ಆಗುವುದು ಅಸಂಭವವೇನೂ ಅಲ್ಲ; ಅದರಿಂದ ಅವನ ಜಾತಿಯೂ ಬದಲಾಗಲಿಲ್ಲ, ಮನೆಮಾತೂ ಬದಲಾಗಲಿಲ್ಲ. ಬ್ರಿಟಿಷ್ ಸರ್ಕಾರವು ‘ರಾವ್ ಸಾಹೇಬ’, ‘ರಾವ್ ಬಹದ್ದೂರ್’ ಎಂಬ ಬಿರುದುಗಳನ್ನು ಕೊಡತೊಡಗಿದ ಮೇಲೆ ಈ ಪದದ ಬೆಲೆ ಮತ್ತಷ್ಟು ಏರಿತು. ಉತ್ತರ ಹಿಂದುಸ್ತಾನದಲ್ಲಿ ಅದೇ ಬಿರುದನ್ನು ‘ರಾಯ್ ಬಹದ್ದೂರ್’ ಎಂದು ಕೊಡುತ್ತಿದ್ದುದು ಮೇಲೆ ಹೇಳಿದ ಎರಡು ಕವಲುಗಳನ್ನು ಸರ್ಕಾರವೂ ಪಾಲಿಸಿದಂತಿದೆ.

ಇಲ್ಲಿ ಕನ್ನಡದ ಒಂದು ವೈಶಿಷ್ಟ್ಯವನ್ನು ಹೇಳಲೇಬೇಕು. ಬರೆಯುವಾಗ ‘ವೆಂಕಟರಾವ್’ ಎಂದು ಬರೆಯುವವರೂ ಗೌರವದಿಂದ ಮಾತನಾಡುವಾಗ ‘ವೆಂಕಟರಾಯರು’ ಎನ್ನುತ್ತಾರೆ. ಆಲೂರ ವೆಂಕಟರಾಯರು, ಮುದವೀಡು ಕೃಷ್ಣರಾಯರು, ಹುಯಿಲಗೋಳ ನಾರಾಯಣರಾಯರು, ಪಂಜೆ ಮಂಗೇಶರಾಯರು: ಇವರೆಲ್ಲರ ಹೆಸರುಗಳು ಎರಡು ರೂಪಗಳಲ್ಲಿಯೂ ಅಚ್ಚಾಗಿವೆ, ಇಬ್ಬರು ಬೇರೆ ಬೇರೆ ಎಂದು ಯಾರೂ ಭಾವಿಸಿಲ್ಲ. ಮರಾಠಿಯಿಂದ ಬಂದ ‘ರಾವ್’ಗೆ ಕನ್ನಡದ ‘ಅರು’ ಪ್ರತ್ಯಯವು ಸೇರಿದ ಕೂಡಲೆ, ನಮ್ಮ ನಾಲಗೆಯು ತನಗರಿವಿಲ್ಲದೆಯೇ ಹಳೆಯ ತದ್ಭವವಾದ ‘ರಾಯ’ಕ್ಕೆ ಹಿಂದಿರುಗುತ್ತದೆ. ಈ ಹೆಸರುಗಳಲ್ಲಿ ಮೊದಲು ಬರುವ ಆಲೂರು, ಮುದವೀಡು, ಹುಯಿಲಗೋಳಗಳೇ ಅಡ್ಡಹೆಸರುಗಳು. ಕೊನೆಯಲ್ಲಿರುವ ‘ರಾವ್’ ಅಡ್ಡಹೆಸರಲ್ಲ.

ಅದು ಮನೆತನದ ಹೆಸರಲ್ಲವೆಂಬುದಕ್ಕೆ ತಳುಕಿನ ಸಾಹಿತ್ಯಕ ಮನೆತನಕ್ಕಿಂತ ಒಳ್ಳೆಯ ಉದಾಹರಣೆ ದೊರೆಯಲಾರದು. ಕಾದಂಬರಿಕಾರ ತ. ರಾ. ಸು. (1920–1984) ಅವರ ಪೂರ್ಣ ಹೆಸರು ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್. ಅವರ ದೊಡ್ಡಪ್ಪ ಪ್ರಾಧ್ಯಾಪಕ ತ. ಸು. ವೆಂಕಣ್ಣಯ್ಯನವರು, ಮತ್ತೊಬ್ಬ ಹಿರಿಯರು ತ. ಸು. ಶಾಮರಾಯರು. ಇವರ ಹೆಸರುಗಳಲ್ಲಿರುವ ‘ಸು’ ಎಂದರೆ ತಂದೆ ಸುಬ್ಬಣ್ಣ. ತಂದೆ ‘ಅಣ್ಣ’, ಮಕ್ಕಳಲ್ಲಿ ಇಬ್ಬರು ‘ಅಯ್ಯ’, ಒಬ್ಬರು ‘ರಾವ್’, ಮೊಮ್ಮಗ ಮತ್ತೆ ‘ರಾವ್’. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ಸಂಪ್ರದಾಯದಲ್ಲಿ ಇಳಿದು ಬಂದುದು ‘ಸುಬ್ಬ’ ಎಂಬುದೇ ಹೊರತು ಅದರ ಹಿಂದಿನ ಗೌರವಪದವಲ್ಲ. ಅಣ್ಣ, ಅಯ್ಯ, ರಾವ್ ಈ ಮೂರೂ ಒಂದೇ ಸ್ಥಾನಕ್ಕೆ ಬರುವ, ಒಂದರ ಬದಲಿಗೆ ಇನ್ನೊಂದು ನಿಲ್ಲಬಲ್ಲ ಪದಗಳೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹಾಗಾದರೆ ‘ರಾವ್’ ಮನೆತನದ ಹೆಸರಾದುದು ಎಂದು? ಇದಕ್ಕೆ ಒಂದು ಸುಲಭವಾದ ಪರೀಕ್ಷೆಯನ್ನು ಸೂಚಿಸಬಹುದು. ‘ರಾವ್’ ಪುಲ್ಲಿಂಗ ಶಬ್ದ. ಅದರ ಜೋಡಿ ‘ಬಾಯಿ’. ಮಾಧವರಾಯನ ಹೆಂಡತಿ ರಮಾಬಾಯಿಯಾಗಿದ್ದಳೇ ಹೊರತು ರಮಾರಾವ್ ಆಗಿರಲಿಲ್ಲ. ಸ್ತ್ರೀಯೊಬ್ಬಳು ‘ರಾವ್’ ಎಂಬುದನ್ನು ಧರಿಸಿದಾಗ ಮಾತ್ರ ಅದು ತನ್ನ ಅರ್ಥವನ್ನು ಬಿಟ್ಟುಕೊಟ್ಟು ಶುದ್ಧ ಕುಲನಾಮವಾಯಿತೆನ್ನಬಹುದು. ಇಪ್ಪತ್ತನೆಯ ಶತಮಾನದಲ್ಲಿ, ಇಂಗ್ಲಿಷ್ ಶಿಕ್ಷಣ ಪಡೆದ ಕುಟುಂಬಗಳಲ್ಲಿ ಇದು ಸಾಮಾನ್ಯವಾಯಿತು. ನೃತ್ಯಕಲಾವಿದೆ ಶಾಂತಾ ರಾವ್ ಅವರ ಹೆಸರು ಎಲ್ಲರಿಗೂ ನೆನಪಾಗುವಂಥದು.

ಇಂಗ್ಲಿಷ್ ಕಾಗುಣಿತವು ಈ ಗೊಂದಲಕ್ಕೆ ತನ್ನ ಪಾಲನ್ನು ಸೇರಿಸಿತು. ದಕ್ಷಿಣ ಕನ್ನಡ ಮೂಲದ ಬೆನೆಗಲ್ ಸಹೋದರರನ್ನೇ ನೋಡಬಹುದು. ಸಂವಿಧಾನ ರಚನಾಸಭೆಯ ಸಲಹೆಗಾರರಾಗಿದ್ದ ನರಸಿಂಗರಾಯರೂ, 1949ರಿಂದ 1957ರವರೆಗೆ ರಿಸರ್ವ್ ಬ್ಯಾಂಕಿನ ಗವರ್ನರರಾಗಿದ್ದ ರಾಮರಾಯರೂ ತಮ್ಮ ಹೆಸರಿನ ಕೊನೆಯಲ್ಲಿ ಆರ್, ಎ, ಯು ಎಂದು ಬರೆದರು. ಅವರ ಸಹೋದರ, ಪತ್ರಿಕೋದ್ಯಮಿ ಶಿವರಾಯರು ಆರ್, ಎ, ಓ ಎಂದು ಬರೆದರು. ಕಚೇರಿಯ ಗುಮಾಸ್ತರು ಅಕ್ಷರವನ್ನೇ ಪ್ರಮಾಣವಾಗಿ ಹಿಡಿದರೆ ಒಡಹುಟ್ಟಿದವರೂ ಬೇರೆ ಬೇರೆ ಕುಲದವರಾಗಬೇಕಾದೀತು.

ಇದಕ್ಕಿಂತ ವಿಚಿತ್ರವಾದುದು ಯೆಲ್ಲಾಪ್ರಗಡ ಸುಬ್ಬರಾವ್ (1895–1948) ಅವರ ಸಂಗತಿ. ಆಂಧ್ರದ ಭೀಮವರದಲ್ಲಿ ಜನಿಸಿ, ಅಮೆರಿಕಕ್ಕೆ ಹೋಗಿ ಜೀವರಸಾಯನ ವಿಜ್ಞಾನಿಯಾದ ಇವರ ಮನೆತನದ ಹೆಸರು ಯೆಲ್ಲಾಪ್ರಗಡ. ತೆಲುಗಿನ ಪದ್ಧತಿಯಂತೆ ಅದು ಮೊದಲು ಬರುತ್ತದೆ. ಸುಬ್ಬರಾವ್ ಅವರಿಗಿಟ್ಟ ಹೆಸರು. ಕೊನೆಯಲ್ಲಿರುವುದೇ ಮನೆತನದ ಹೆಸರೆಂದು ಬಗೆಯುವ ಆ ದೇಶದಲ್ಲಿ, ತೊಟ್ಟಿಲಿನ ಹೆಸರೇ ಕುಲನಾಮವಾಗಿ ನಿಂತುಬಿಟ್ಟಿತು. ರಂಜಕವನ್ನು ಅಳೆಯಲು ಫಿಸ್ಕೆಯವರೊಡನೆ ಅವರು 1925ರಲ್ಲಿ ಪ್ರಕಟಿಸಿದ ವಿಧಾನಕ್ಕೆ ಇಂದಿಗೂ ಇಬ್ಬರ ಹೆಸರುಗಳೂ ಅಂಟಿಕೊಂಡಿವೆ. ಅವರ ಸ್ಮರಣಾರ್ಥವಾಗಿ ಒಂದು ಶಿಲೀಂಧ್ರಕ್ಕೆ ‘ಸುಬ್ಬರೋಮೈಸಿಸ್’ ಎಂಬ ಹೆಸರನ್ನಿಡಲಾಯಿತು. ಹುತ್ತದ ದೇವರ ಹೆಸರು ಅಣಬೆಯ ಜಾತಿಗೂ ಸಂದಿರುವುದು ಆಕಸ್ಮಿಕವೇ ಆದರೂ ಅಸಂಗತವಾಗಿ ಕಾಣುವುದಿಲ್ಲ.

ಈಗಿನ ಅರ್ಜಿ ನಮೂನೆಗಳಲ್ಲಿ ಹೆಸರಿಗೊಂದು, ಕುಲನಾಮಕ್ಕೊಂದು ಎಂದು ಎರಡು ಮನೆಗಳನ್ನು ಕೊರೆದಿರುತ್ತಾರೆ. ಸುಬ್ಬರಾಯನು ಅಲ್ಲಿ ತನ್ನನ್ನು ತಾನೇ ಎರಡಾಗಿ ಸೀಳಿಕೊಂಡು ‘ಸುಬ್ಬ’ನನ್ನು ಒಂದು ಮನೆಯಲ್ಲೂ ‘ರಾವ್’ ಅನ್ನು ಇನ್ನೊಂದರಲ್ಲೂ ಕೂರಿಸಬೇಕಾಗುತ್ತದೆ. ಹಾಗೆ ಬರೆದವನ ಮಕ್ಕಳಿಗೆ ‘ರಾವ್’ ಎಂಬುದು ನಿಜವಾಗಿಯೂ ಕುಲನಾಮವಾಗಿ ಬರುತ್ತದೆ. ಮುಂದಿನ ಶತಮಾನದ ಸಂಶೋಧಕನು ಇವರೆಲ್ಲರನ್ನೂ ಒಂದೇ ವಂಶದವರೆಂದು ಎಣಿಸಿದರೆ ಅವನನ್ನು ದೂರುವಂತಿಲ್ಲ.

ನಮ್ಮ ವಿದ್ಯಾರ್ಥಿಗೆ ನಾವು ಬರೆದುಕೊಟ್ಟ ಪತ್ರದಲ್ಲಿ ಎರಡು ಮಾತುಗಳಿದ್ದುವು. ಸುಬ್ಬಯ್ಯ, ಸುಬ್ಬರಾಯ, ಸುಬ್ಬರಾವ್ ಎಂಬುವು ಒಂದೇ ಹೆಸರಿನ ರೂಪಭೇದಗಳೆಂದೂ, ಒಬ್ಬನೇ ವ್ಯಕ್ತಿಯು ಕ್ರಯಪತ್ರದಲ್ಲಿ ಒಂದನ್ನೂ ಕಚೇರಿಯಲ್ಲಿ ಇನ್ನೊಂದನ್ನೂ ಧರಿಸುವುದು ಆ ಕಾಲದಲ್ಲಿ ಸಹಜವಾಗಿದ್ದಿತೆಂದೂ ಮೊದಲನೆಯದು. ಈ ಮೂರು ಕಾಗದಗಳ ಮೂವರೂ ಒಬ್ಬನೇ ಎಂಬುದನ್ನು ಹೆಸರಿನ ಆಧಾರದ ಮೇಲೆ ಸಿದ್ಧಪಡಿಸಲಾಗದೆಂಬುದು ಎರಡನೆಯದು. ಎರಡನೆಯ ಮಾತನ್ನು ಬಿಟ್ಟು ಬರೆಯಬೇಕೆಂದು ಅವನು ಬಹಳವಾಗಿ ಕೇಳಿಕೊಂಡನು. ಊರಿನಲ್ಲಿ ‘ಸುಬ್ಬ’ ಎಂಬ ಹೆಸರಿನವರು ಮನೆಗೊಬ್ಬರಂತೆ ಇದ್ದ ಕಾಲವದು. ಆದುದರಿಂದ ನಾವು ಒಪ್ಪಲಿಲ್ಲ. ಕಚೇರಿಯವರು ಕೊನೆಗೆ ವಂಶವೃಕ್ಷವನ್ನೂ ಊರಿನ ಇಬ್ಬರು ವೃದ್ಧರ ಹೇಳಿಕೆಯನ್ನೂ ಪಡೆದು ಖಾತೆಯನ್ನು ಬದಲಾಯಿಸಿದರು. ಹೊಸ ಪಹಣಿಯಲ್ಲಿ ಅಜ್ಜನ ತಂದೆಯ ಹೆಸರನ್ನು ‘ಸುಬ್ಬರಾವ್ ಉರುಫ್ ಸುಬ್ಬಯ್ಯ’ ಎಂದು ನಮೂದಿಸಿದ್ದಾರಂತೆ. ‘ಸುಬ್ಬರಾಯ’ ಎಂಬುದು ಬಿಟ್ಟುಹೋಗಿದೆ.